ರಬ್ಬರ್ ಇಲ್ಲದ ಮೇಜು

ತಮ್ಮ ತೀರಿಕೊಂಡು ಎಂಟು ತಿಂಗಳಾದ ಮೇಲೆ ನಾನು ಮೊದಲ ಸಲ ಕಲಾ ಚಿಕಿತ್ಸಕಿಯೊಬ್ಬರ ಎದುರು ಕುಳಿತೆ. ಅದಕ್ಕೂ ಮೊದಲು ಆಪ್ತಸಮಾಲೋಚನೆಗೆ ಹೋಗಿದ್ದೆ; ಅಲ್ಲಿ ನಾನು ಬಹಳ ಚೆನ್ನಾಗಿ ಮಾತನಾಡುತ್ತಿದ್ದೆ, ಅದೇ ತೊಂದರೆಯಾಗಿತ್ತು. ಆಸ್ಪತ್ರೆಯ ಕೊನೆಯ ದಿನಗಳ ಕಥೆಯನ್ನು ಹೇಳಿ ಹೇಳಿ ವಾಕ್ಯಗಳು ಬಾಯಿಪಾಠವಾಗಿದ್ದವು, ಅವುಗಳನ್ನು ಒಪ್ಪಿಸುವಾಗ ಒಳಗೆ ಏನೂ ಅಲುಗುತ್ತಿರಲಿಲ್ಲ.

ಮೇಜಿನ ಮೇಲೆ ಪೆನ್ಸಿಲ್, ಕ್ರೇಯಾನ್, ಜಲವರ್ಣ ಮತ್ತು ಒಂದು ಮುದ್ದೆ ಜೇಡಿಮಣ್ಣು ಇದ್ದವು. ನಾನು ಪೆನ್ಸಿಲ್ ಎತ್ತಿಕೊಂಡು ರಬ್ಬರ್ ಎಲ್ಲಿದೆ ಎಂದು ಕೇಳಿದೆ. ಇಟ್ಟಿಲ್ಲ ಎಂದರು. ಆ ಮೇಜನ್ನು ಎಷ್ಟು ಯೋಚಿಸಿ ಜೋಡಿಸಿರುತ್ತಾರೆ ಎಂಬುದು ಆಮೇಲೆ ತಿಳಿಯಿತು. ಪೆನ್ಸಿಲ್ಲಿನ ಗೆರೆ ಕೈ ಹೇಳಿದಂತೆ ಕೇಳುತ್ತದೆ. ನೀರು ಬೆರೆತ ಬಣ್ಣ ತನಗೆ ತೋಚಿದತ್ತ ಹರಿಯುತ್ತದೆ. ಜೇಡಿಮಣ್ಣು ಬಲವನ್ನು ಬೇಡುತ್ತದೆ, ಗುದ್ದಿದರೂ ತಾಳಿಕೊಳ್ಳುತ್ತದೆ. ಯಾರಿಗೆ, ಯಾವ ಹಂತದಲ್ಲಿ, ಯಾವ ಸಾಮಗ್ರಿ ಎಂದು ನಿರ್ಧರಿಸುವುದರಲ್ಲೇ ಈ ಚಿಕಿತ್ಸೆಯ ಅರ್ಧ ಕೌಶಲವಿದೆ. ಆಘಾತದಿಂದ ಆಗಲೇ ಕಂಗೆಟ್ಟಿರುವವರ ಕೈಗೆ ಹರಿಯುವ ಬಣ್ಣ ಕೊಟ್ಟರೆ ಅವರು ಮತ್ತಷ್ಟು ಕಂಗೆಡಬಹುದು. ನನ್ನಂತೆ ಎಲ್ಲವನ್ನೂ ಬಿಗಿಹಿಡಿದು ಕುಳಿತವರಿಗೆ ಅದೇ ಬಣ್ಣ ಹಿಡಿತವನ್ನು ತುಸು ಸಡಿಲಿಸಬಹುದು.

ಮೂರನೆಯ ಭೇಟಿಯಲ್ಲಿ ನಾನು ಜಲವರ್ಣದಲ್ಲಿ ಆಸ್ಪತ್ರೆಯ ಕುರ್ಚಿಯೊಂದನ್ನು ಬರೆಯಲು ಹೊರಟೆ. ನೀರು ಹೆಚ್ಚಾಗಿ, ಕುರ್ಚಿಯ ಕಾಲುಗಳ ಬೂದುಬಣ್ಣ ಹಾಳೆಯ ಕೆಳಭಾಗದುದ್ದಕ್ಕೂ ಇಳಿದುಹೋಯಿತು. ಆಕೆ ಬಹಳ ಹೊತ್ತು ಏನೂ ಹೇಳದೆ ನೋಡಿ, “ಈ ಚಿತ್ರದಲ್ಲಿ ನೀವು ಎಲ್ಲಿದ್ದೀರಿ?” ಎಂದು ಕೇಳಿದರು. ನಾನು ಹಾಳೆಯ ಅಂಚಿನಾಚೆ, ಮೇಜಿನ ಮರದ ಮೇಲೆ ಬೆರಳಿಟ್ಟೆ. ಅವನ ಉಸಿರು ನಿಂತಾಗ ನಾನು ಫೋನಿನಲ್ಲಿ ಮಾತನಾಡಲೆಂದು ಬಾಗಿಲಾಚೆ ನಿಂತಿದ್ದೆ ಎನ್ನುವುದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆಗಲೂ ನನ್ನ ಕಣ್ಣು ಇದ್ದದ್ದು ಆ ಕುರ್ಚಿಯ ಮೇಲೆ. ಆಕೆಯ ಮುಖ ನೋಡಿಕೊಂಡು ಹೇಳಬೇಕಾಗಿದ್ದರೆ ಬಹುಶಃ ಇಂದಿಗೂ ಹೇಳುತ್ತಿರಲಿಲ್ಲ.

ಆಕೆ ಬೂದುಬಣ್ಣದ ಅರ್ಥವನ್ನು ವಿವರಿಸಲಿಲ್ಲ. ಕಪ್ಪು ಬಳಸಿದರೆ ಖಿನ್ನತೆ, ಕಿಟಕಿಯಿಲ್ಲದ ಮನೆ ಬರೆದರೆ ಒಂಟಿತನ ಎಂದು ಕೈ ನೋಡಿ ಭವಿಷ್ಯ ಹೇಳುವಂತೆ ಚಿತ್ರ ನೋಡಿ ಮನಸ್ಸು ಹೇಳುವವರು ಬಹಳ ಜನ ಇದ್ದಾರೆ. ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಿತ್ರ ಬರೆದವರು ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದಕ್ಕೇ ಇಲ್ಲಿ ಬೆಲೆ.

ಕಲಾ ಚಿಕಿತ್ಸೆ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಕಲಾವಿದರು. ಕ್ಷಯರೋಗಕ್ಕೆ ತುತ್ತಾಗಿ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಚಿತ್ರ ಬರೆಯುವುದು ತಮ್ಮನ್ನು ಹೇಗೆ ಆತುಕೊಂಡಿತು ಎಂಬುದನ್ನು ಅವರು ಕಂಡುಕೊಂಡಿದ್ದರು. ಅಮೆರಿಕದಲ್ಲಿ ಮಾರ್ಗರೆಟ್ ನೌಮ್‌ಬರ್ಗ್ ಚಿತ್ರವನ್ನು ಅಪ್ರಜ್ಞೆಯ, ಅಂದರೆ ನಮ್ಮ ಅರಿವಿಗೆ ಬಾರದ ಮನಸ್ಸಿನ, ಮಾತು ಎಂದು ಬಗೆದರೆ, ಎಡಿತ್ ಕ್ರೇಮರ್ ಅವರಿಗೆ ಚಿತ್ರ ಬರೆಯುವ ಕ್ರಿಯೆಯೇ ಗುಣಪಡಿಸುವಂಥದ್ದಾಗಿತ್ತು. ಕ್ರೇಮರ್ ಅವರ ಗುರು ಫ್ರೀಡಲ್ ಡಿಕರ್-ಬ್ರಾಂಡೈಸ್ ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಮಕ್ಕಳಿಗೆ ಗುಟ್ಟಾಗಿ ಚಿತ್ರ ಕಲಿಸುತ್ತಿದ್ದರು. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್‌ವಿಟ್ಜ್‌ಗೆ ಸಾಗಿಸಿ ಕೊಲ್ಲಲಾಯಿತು. ಎರಡು ಸೂಟ್‌ಕೇಸುಗಳಲ್ಲಿ ಮುಚ್ಚಿಟ್ಟ ಸುಮಾರು 4,500 ಚಿತ್ರಗಳು ಉಳಿದವು. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಈ ಚರಿತ್ರೆ ತಿಳಿದ ಮೇಲೆ, ಕಲೆ ಎಲ್ಲವನ್ನೂ ಗುಣಪಡಿಸುತ್ತದೆ ಎಂದು ಹೇಳಲು ನನ್ನ ಬಾಯಿ ಬರುವುದಿಲ್ಲ.

ಸಂಶೋಧನೆಯೂ ಅಷ್ಟು ಸಲೀಸಾದ ಉತ್ತರ ಕೊಡುವುದಿಲ್ಲ. 2016ರಲ್ಲಿ ಪ್ರಕಟವಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ 39 ವಯಸ್ಕರು 45 ನಿಮಿಷ ಕಲೆಯಲ್ಲಿ ತೊಡಗಿದ ಬಳಿಕ, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಮೊದಲೇ ಚಿತ್ರ ಬರೆದು ಅನುಭವವಿದ್ದವರಿಗೂ ಇಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಸುಮ್ಮನೆ ಕುಳಿತವರ ಗುಂಪೊಂದನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲವಾದ್ದರಿಂದ ಅದರಿಂದ ಹೆಚ್ಚು ಹಿಗ್ಗುವಂತಿಲ್ಲ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವ 417 ಜನರೊಡನೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಹೊರಬಂದಾಗ, ಗುಂಪಿನಲ್ಲಿ ನಡೆಸಿದ ಕಲಾ ಚಿಕಿತ್ಸೆಯಿಂದ ವಿಶೇಷ ಲಾಭ ಕಾಣಲಿಲ್ಲ, ಹಾಜರಾತಿಯೂ ಕಡಿಮೆಯಿತ್ತು. ಹಾಗಾಗಿ ಔಷಧಿ ಸೇವಿಸುತ್ತಿರುವವರು ಬಣ್ಣದ ಡಬ್ಬಿಯನ್ನು ನಂಬಿ ಔಷಧಿ ಬಿಡಬಾರದು.

ಬಣ್ಣ ತುಂಬುವ ಪುಸ್ತಕ ಕೊಂಡರೆ ಸಾಲದೇ ಎಂದು ಸ್ನೇಹಿತರು ಕೇಳುತ್ತಾರೆ. ನಿದ್ದೆ ಬಾರದ ರಾತ್ರಿಗೆ ಸಾಲುತ್ತದೆ, ನಾನೂ ತುಂಬಿದ್ದೇನೆ. ಅದು ಚಿಕಿತ್ಸೆಯಾಗುವುದಿಲ್ಲ, ಏಕೆಂದರೆ ಬೂದುಬಣ್ಣ ಇಳಿದುಹೋದಾಗ ಪಕ್ಕದಲ್ಲಿ ಕುಳಿತು, ಗಾಬರಿಯಾಗದೆ, ಸರಿಪಡಿಸಲು ಮುಂದಾಗದೆ ನೋಡುವ ತರಬೇತಿ ಪಡೆದ ಒಬ್ಬರು ಅಲ್ಲಿರುವುದಿಲ್ಲ.

ನನ್ನ ಚಿತ್ರಗಳೆಲ್ಲ ಕೊನೆಯವರೆಗೂ ಆಕೆಯ ಬಳಿಯೇ ಒಂದು ಫೈಲಿನಲ್ಲಿದ್ದವು. ಕೊನೆಯ ಭೇಟಿಯಲ್ಲಿ ಅವುಗಳನ್ನು ಬರೆದ ಕ್ರಮದಲ್ಲೇ ನೆಲದ ಮೇಲೆ ಹರಡಿ ಇಬ್ಬರೂ ನೋಡಿದೆವು. ಮೊದಲಿನ ಪೆನ್ಸಿಲ್ ಚಿತ್ರಗಳಲ್ಲಿ ಒಂದರಲ್ಲೂ ಮನುಷ್ಯರಿರಲಿಲ್ಲ. ಅದನ್ನು ನಾನು ಆವತ್ತೇ ಗಮನಿಸಿದ್ದು. ಕುರ್ಚಿಯ ಚಿತ್ರವನ್ನು ಮಾತ್ರ ಮನೆಗೆ ತಂದೆ. ಅದನ್ನು ಗೋಡೆಗೆ ಹಾಕಿಲ್ಲ, ಬೀರುವಿನಲ್ಲಿ ಮಡಚದೆ ಇಟ್ಟಿದ್ದೇನೆ. ನೀರು ಕುಡಿದು ಉಬ್ಬಿದ ಹಾಳೆಯ ಕೆಳಭಾಗ ಇನ್ನೂ ಸಮನಾಗಿಲ್ಲ.