ದೂರದ ಮಗಳು ಮತ್ತು ಐಸಿಯು

ಅಮೆರಿಕದ ವೈದ್ಯರು ಒಂದು ಕಾಯಿಲೆಗೆ ‘ಕ್ಯಾಲಿಫೋರ್ನಿಯಾದ ಮಗಳು’ ಎಂದು ಹೆಸರಿಟ್ಟಿದ್ದಾರೆ. ಕಾಯಿಲೆ ರೋಗಿಯದಲ್ಲ, ರೋಗಿಯ ಮಕ್ಕಳದು. ಹಾಸಿಗೆ ಹಿಡಿದ ಹಿರಿಯರನ್ನು ಬಹುಕಾಲ ನೋಡಿಕೊಂಡ ಮನೆಯವರೂ ವೈದ್ಯರೂ ಕುಳಿತು ಮಾತನಾಡಿ, ಇನ್ನು ಈ ಜೀವಕ್ಕೆ ಹಿಂಸೆ ಬೇಡ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಅಷ್ಟರಲ್ಲಿ ದೂರದ ಊರಿನ ಮಗಳು ವಿಮಾನ ಇಳಿದು ಬಂದು, ‘ಸುಮ್ಮನೆ ಕುಳಿತಿದ್ದೀರಲ್ಲ, ಏನೇನಿದೆಯೋ ಎಲ್ಲವನ್ನೂ ಮಾಡಿ’ ಎಂದು ಆಸ್ಪತ್ರೆಯನ್ನು ತಲೆಕೆಳಗು ಮಾಡುತ್ತಾಳೆ. 1991ರಲ್ಲಿ ವೃದ್ಧರ ಚಿಕಿತ್ಸೆಗೆ ಮೀಸಲಾದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಈ ಹೆಸರಿಟ್ಟುಕೊಂಡೇ ಒಂದು ಲೇಖನ ಬಂದಿತ್ತು. ಕ್ಯಾಲಿಫೋರ್ನಿಯಾದ ವೈದ್ಯರು ಮಾತ್ರ ಅವಳನ್ನು ನ್ಯೂಯಾರ್ಕಿನ ಮಗಳು ಎನ್ನುತ್ತಾರಂತೆ. ಮೈಸೂರಿನಲ್ಲಿ ಅವಳು ಲಂಡನ್ನಿನವಳೋ ಸಿಡ್ನಿಯವಳೋ ಆಗಿರುತ್ತಾಳೆ. ವಿಮಾನ ಇಳಿಯುವವರೆಗೂ ಕಾಯದೆ ವಾಟ್ಸ್‌ಆ್ಯಪ್‌ನಲ್ಲಿಯೇ ಐಸಿಯು ಕೇಳುತ್ತಾಳೆ.

ಮಗನೂ ಕೇಳುತ್ತಾನೆ, ಆ ಮಾತು ಬೇರೆ. ನಮ್ಮ ಬಳಗದಲ್ಲಿ ಹೀಗೆ ಕೇಳಿದ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ಕೆಟ್ಟವರೇನಲ್ಲ. ಹತ್ತಿರವಿದ್ದು ಕಾಲು ಒತ್ತಲಾಗದ ಸಂಕಟವನ್ನು ದುಡ್ಡಿನಲ್ಲಿ ತೀರಿಸಲು ನೋಡುತ್ತಾರೆ. ಆ ಸಂಕಟದ ಬಿಲ್ಲು ಮಾತ್ರ ಮಲಗಿರುವ ಅಪ್ಪನ ಗಂಟಲಿಗೆ ಟ್ಯೂಬಾಗಿ ಇಳಿಯುತ್ತದೆ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಪ್ಪ ಪಾಂಡವಪುರ ತಾಲ್ಲೂಕಿನ ಶಾಲೆಗಳಲ್ಲಿ ಮೇಷ್ಟರಾಗಿದ್ದವರು, ನಿವೃತ್ತರಾದ ಮೇಲೆ ಮೈಸೂರಿನ ಕುವೆಂಪುನಗರದಲ್ಲಿ ನೆಲೆಸಿದರು. ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ ಎಂದು ಗೊತ್ತಾದಾಗ ಅವರ ಬಳಿ ಇದ್ದವರು ಅಮ್ಮ, ಅಕ್ಕ, ಭಾವ. ನಾನು ಫೋನಿನಲ್ಲಿದ್ದೆ.

ಇಲ್ಲಿನ ಜನ ಸಾವಿನ ವಿಷಯವನ್ನು ಹೇಗೆ ಮಾತನಾಡುತ್ತಾರೆ ಎಂಬುದನ್ನು ನಾನು ಅದಕ್ಕೂ ಮೊದಲೇ ನೋಡಿದ್ದೆ. ಪಕ್ಕದ ಮನೆಯ ಅಜ್ಜಿ ತಮ್ಮ ಮನೆಯ ಮುಂಗೋಣೆಯಲ್ಲೇ ತೀರಿಕೊಂಡರು. ಎದೆಬಡಿತ ನಿಂತರೆ ಒತ್ತಿ ಎಬ್ಬಿಸಬೇಕೆ, ಆಸ್ಪತ್ರೆಗೆ ಒಯ್ಯಬೇಕೆ, ಮನೆಯಲ್ಲೇ ಬಿಡಬೇಕೆ ಎಂಬುದೆಲ್ಲ ನೇರಳೆ ಬಣ್ಣದ ಒಂದು ಫಾರಂನಲ್ಲಿ ಮೊದಲೇ ದಾಖಲಾಗಿತ್ತು. ಕಪಾಟಿನಲ್ಲಿ ಔಷಧಿಗಳ ಒಂದು ಪೆಟ್ಟಿಗೆ ಇತ್ತು: ನೋವಿಗೆ, ವಾಕರಿಕೆಗೆ, ತಳಮಳಕ್ಕೆ, ಗಂಟಲಲ್ಲಿ ಗೊರಗುಡುವ ಕಫಕ್ಕೆ. ಬೇಕಾದೀತೆಂದು ತಂದಿಟ್ಟವು. ರಾತ್ರಿ ಅಗತ್ಯ ಬಿದ್ದರೆ ದಾದಿ ಮನೆಗೇ ಬಂದು ಚುಚ್ಚುಮದ್ದು ಕೊಡುತ್ತಿದ್ದರು. 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಕೊನೆಗಾಲದ ರೋಗಿಗಳ ಆರೈಕೆಯ ಮನೆ ತೆರೆದ ಮೇಲೆ ಬೆಳೆದ ಪದ್ಧತಿ ಇದು. ಮೊದಲು ದಾದಿಯಾಗಿದ್ದ ಅವರು ಸಾಯುವವರ ನೋವನ್ನು ಪಳಗಿಸಬೇಕೆಂದೇ ಆಮೇಲೆ ವೈದ್ಯಕೀಯ ಓದಿದವರು. ಹಾಸ್ಪಿಸ್‌ಗಳ ಆರೈಕೆಗೆ ರೋಗಿ ಹಣ ಕೊಡಬೇಕಾಗಿಲ್ಲ. ಅವು ನಡೆಯುವುದು ಬಹುಪಾಲು ದಾನದಿಂದ, ಹಳೆಯ ಬಟ್ಟೆ ಮಾರುವ ಅಂಗಡಿಗಳಿಂದ. ನನ್ನ ಚಳಿಗಾಲದ ಕೋಟು ಅಂಥ ಒಂದು ಅಂಗಡಿಯದೇ.

ನಮ್ಮ ಮನೆಯಲ್ಲಿ ಫಾರಂ ಎಲ್ಲಿಂದ ಬರಬೇಕು? ಬಾಯಲ್ಲಿ ಸಾವು ಎಂದರೆ ಸಾಕು, ಅಮ್ಮ ‘ಬಿಡ್ತು ಅನ್ನು’ ಎನ್ನುತ್ತಾರೆ. ಆದರೆ ಅಪ್ಪ ನಂಜನಗೂಡಿಗೆ ಹೋದಾಗಲೆಲ್ಲ ದರ್ಶನ ಮುಗಿಸಿ ಜಗಲಿಯ ಮೇಲೆ ಕುಳಿತು ‘ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ’ ಎಂದು ಹೇಳಿಕೊಂಡೇ ಏಳುವವರು. ಅದನ್ನೇ ಹಿಡಿದುಕೊಂಡೆ. ‘ಅಪ್ಪಾ, ನಂಜುಂಡೇಶ್ವರನ ಹತ್ತಿರ ಕೇಳಿಕೊಳ್ಳುವುದನ್ನು ಡಾಕ್ಟರ ಹತ್ತಿರವೂ ಕೇಳಿಕೊಳ್ಳೋಣವೇ?’ ಎಂದೆ. ಅಪ್ಪ ನಕ್ಕರು. ಆಮೇಲೆ ಮೇಷ್ಟರ ಶಿಸ್ತಿನಲ್ಲಿ, ಒಂದೊಂದಾಗಿ ಹೇಳಿದರು: ವೆಂಟಿಲೇಟರ್ ಬೇಡ. ಮೂಗಿನ ನಳಿಕೆಯಲ್ಲಿ ಊಟ ಬೇಡ. ನೋವು ತಡೆಯಲಾರೆ, ಅದಕ್ಕೇನು ಬೇಕೋ ಮಾಡಿ. ಸಾಧ್ಯವಾದರೆ ಈ ಮನೆಯಲ್ಲೇ.

ಬಾಯಿಮಾತನ್ನು ಕಾಗದಕ್ಕೆ ಇಳಿಸಲು ನಮ್ಮ ದೇಶದಲ್ಲೂ ದಾರಿಯಿದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಮುಂಬಯಿಯ ಆಸ್ಪತ್ರೆಯಲ್ಲಿ ನಾಲ್ಕು ದಶಕ ಪ್ರಜ್ಞೆಯಿಲ್ಲದೆ ಮಲಗಿದ್ದ ದಾದಿ ಅರುಣಾ ಶಾನಭಾಗ ನಮ್ಮ ಉತ್ತರ ಕನ್ನಡದ ಹಳದೀಪುರದವರು. ಅವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಇಂಥ ರೋಗಿಗಳಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ವಿಷಯಕ್ಕೆ ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನೊಳಗೇ ಸೇರಿದೆ ಎಂದಿತು, ಮುಂಚಿತವಾಗಿ ಬರೆದಿಟ್ಟ ವೈದ್ಯಕೀಯ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. ಆಗಿನ ಕ್ರಮದಲ್ಲಿ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಚಿಕಿತ್ಸೆಯನ್ನು ನಿಲ್ಲಿಸುವ ಮಾತು ಆಸ್ಪತ್ರೆಯಲ್ಲಿ ಬಂದರೆ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸಾಯಿಸಲು ಇಂಜೆಕ್ಷನ್ ಕೊಡುವುದು ಆಗಲೂ ಅಪರಾಧ, ಈಗಲೂ ಅಪರಾಧ. ಬುದ್ಧಿ ಸ್ವಾಧೀನದಲ್ಲಿರುವ ರೋಗಿ ತಾನೇ ಬೇಡವೆಂದು ಮನೆಗೆ ಬಂದರೆ ಯಾವ ಮಂಡಳಿಯೂ ಬೇಕಾಗಿಲ್ಲ.

ನೋಟರಿಯವರು ಕಾಗದ ಓದಿ, ‘ಸೈಟಿನ ವಿಷಯ ಎಲ್ಲಿದೆ?’ ಎಂದು ಕೇಳಿದರಂತೆ. ಭಾವ ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಆ ಕಾಗದದಲ್ಲಿ ಅಪ್ಪನ ಪರವಾಗಿ ತೀರ್ಮಾನಿಸುವವರ ಹೆಸರು ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಜನರನ್ನೂ ಬರೆಯಬಹುದು. ನನ್ನ ಹೆಸರು ಬೇಡ, ಅಕ್ಕನದೂ ಭಾವನದೂ ಸಾಕು ಎಂದೆ. ಅಪ್ಪನಿಗೆ ಸ್ವಲ್ಪ ಬೇಸರವಾಯಿತು. ಆದರೆ ರಾತ್ರಿ ಮೂರು ಗಂಟೆಗೆ ಕೇಳಬೇಕಾದ ಪ್ರಶ್ನೆಗೆ ಸಮುದ್ರದಾಚೆಯ ಒಂದು ಸಹಿ ಕಾಯಿಸಬಾರದು. ಹೊರದೇಶದಲ್ಲಿರುವವರಿಗೆ ನಾನು ಗಟ್ಟಿಯಾಗಿ ಹೇಳುವುದು ಇದೊಂದನ್ನೇ: ರೋಗಿಯ ಹಾಸಿಗೆ ಬದಲಿಸುವವರು ಯಾರೋ, ತೀರ್ಮಾನ ಅವರದು. ನೀವು ‘ಅಕ್ಕ ಹೇಳಿದ ಹಾಗೆ’ ಎಂದು ಹೇಳಲು ಕಲಿಯಬೇಕು. ಅದಕ್ಕೆ ಎದೆ ಬೇಕು.

ನೋವಿನ ವಿಷಯಕ್ಕೆ ಬಂದರೆ ಮೊದಲ ಅಡ್ಡಿ ಮಾರ್ಫಿನ್, ಅಫೀಮಿನಿಂದ ತೆಗೆಯುವ ಬಲವಾದ ನೋವಿನ ಔಷಧಿ. ಮೂಳೆಗೆ ಇಳಿದ ಕ್ಯಾನ್ಸರಿನ ನೋವಿಗೆ ಸಾಮಾನ್ಯ ಮಾತ್ರೆಗಳು ಏನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ, ನೋವು ಏರಿದಂತೆ ಮಾತ್ರೆಯ ಬಲವನ್ನೂ ಏರಿಸುತ್ತ ಮಾರ್ಫಿನ್‌ವರೆಗೆ ಹೋಗಿ ಎಂದು ಮೂರು ಮೆಟ್ಟಿಲಿನ ಕ್ರಮ ಹೇಳಿಕೊಟ್ಟಿತ್ತು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯ ನಂತರ ಹಲವು ಪರವಾನಗಿಗಳ ಗೊಡವೆ ತಪ್ಪಿ, ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಸಿಗುವಂತಾಯಿತು. ಹಾಗೆಂದು ಮೂಲೆ ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. ಅಪ್ಪನನ್ನು ಮೊದಲು ತೋರಿಸಿದ್ದ ಆಸ್ಪತ್ರೆಯಲ್ಲಿ ನೋವು ಎಂದಾಗಲೆಲ್ಲ ಇನ್ನೊಂದು ಸ್ಕ್ಯಾನ್ ಬರೆದುಕೊಡುತ್ತಿದ್ದರು, ಮಾರ್ಫಿನ್ ಎಂದರೆ ಮುಖ ತಿರುಗಿಸುತ್ತಿದ್ದರು. ಅಕ್ಕ ವಿಚಾರಿಸಿಕೊಂಡು, ರೋಗ ವಾಸಿಯಾಗದಿದ್ದರೂ ನೋವು ಸಂಕಟಗಳನ್ನು ತಗ್ಗಿಸುವ ಉಪಶಮನ ಆರೈಕೆಯವರನ್ನು ಹಿಡಿದಳು. ಊರಿನಲ್ಲಿ ಎಲ್ಲರೂ ಪ್ಯಾಲಿಯೇಟಿವ್ ಕೇರ್ ಎಂದೇ ಕೇಳುತ್ತಾರೆ, ನೀವೂ ಹಾಗೆಯೇ ಕೇಳಿ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆಗೆ ಬಂದು ಈ ಆರೈಕೆ ಕೊಡುವ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ.

ಮಾತ್ರೆ ಮನೆಗೆ ಬಂದ ಮೇಲೆ ಎರಡನೆಯ ಅಡ್ಡಿ ಚಿಕ್ಕಪ್ಪ. ‘ಅಣ್ಣನಿಗೆ ಚಟ ಹತ್ತಿಸುತ್ತೀರಾ?’ ಎಂದು ಮಂಡ್ಯದಿಂದಲೇ ಗುಡುಗಿದರು. ನೋವಿಗೆ ವೈದ್ಯರು ಲೆಕ್ಕ ಹಾಕಿ ಕೊಟ್ಟ ಮಾರ್ಫಿನ್ ಚಟಕ್ಕೆ ತಿರುಗುವುದು ಅಪರೂಪ. ತಿರುಗಿದರೂ, ತಿಂಗಳುಗಳ ಆಯುಸ್ಸು ಉಳಿದಿರುವ ಮನುಷ್ಯನಿಗೆ ಅದರಿಂದ ಯಾವ ಭವಿಷ್ಯ ಹಾಳಾಗಬೇಕು? ನಿಜವಾದ ತೊಂದರೆ ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಕೊಡಬೇಕು. ಮೊದಲು ಕೆಲವು ದಿನ ಮಂಪರು ಇರುತ್ತದೆ, ಆಮೇಲೆ ತಿಳಿಯಾಗುತ್ತದೆ. ನೋವು ಬಂದ ಮೇಲೆ ನುಂಗುವುದಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಅಪ್ಪನಿಗೆ ಈ ವೇಳಾಪಟ್ಟಿ ಬಹಳ ಹಿಡಿಸಿತು. ಗೋಡೆಗೆ ಒಂದು ಹಾಳೆ ಅಂಟಿಸಿ ತಾವೇ ಗುರುತು ಹಾಕಿಕೊಳ್ಳುತ್ತಿದ್ದರು. ಮತ್ತೆ ಹಜಾರದಲ್ಲಿ ಕುಳಿತು ಪತ್ರಿಕೆ ಓದಿದರು, ಸಂಪಾದಕೀಯದಲ್ಲಿ ಕಾಗುಣಿತದ ತಪ್ಪು ಹುಡುಕಿದರು.

ಊಟದ ಜಗಳ ಇದಕ್ಕಿಂತ ದೊಡ್ಡದು. ನಮ್ಮ ಸೀಮೆಯಲ್ಲಿ ಪ್ರೀತಿ ಎಂದರೆ ಉಣಬಡಿಸುವುದು. ಅಪ್ಪ ತುತ್ತು ಕಡಿಮೆ ಮಾಡಿದ ದಿನದಿಂದ ಮನೆಗೆ ಬಂದವರೆಲ್ಲರೂ ಎಳನೀರು, ದಾಳಿಂಬೆ, ಹಾರ್ಲಿಕ್ಸ್ ಹೊತ್ತು ತಂದರು. ತಂದಮೇಲೆ ಕುಡಿಸಲೇಬೇಕು. ‘ಊಟವಿಲ್ಲದೆ ಶಕ್ತಿ ಎಲ್ಲಿಂದ ಬರಬೇಕು, ಒಂದೆರಡು ಬಾಟಲಿ ಗ್ಲೂಕೋಸ್ ಹಾಕಿಸಿ’ ಎಂದು ಅಕ್ಕನಿಗೆ ಬುದ್ಧಿ ಹೇಳದವರಿಲ್ಲ. ಸಾವಿಗೆ ಹತ್ತಿರವಾದ ದೇಹ ಹಸಿವನ್ನು ತಾನಾಗಿಯೇ ಬಿಡುತ್ತದೆ. ಉಣ್ಣದೆ ಇರುವುದರಿಂದ ಅವರು ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ಉಣ್ಣುತ್ತಿಲ್ಲ. ಬಲವಂತವಾಗಿ ಹಾಕಿದ ತುತ್ತು ಶ್ವಾಸನಾಳಕ್ಕೆ ಇಳಿಯಬಹುದು. ಆ ಹೊತ್ತಿನಲ್ಲಿ ಡ್ರಿಪ್‌ನ ನೀರು ಕಾಲು ಊದಿಸಿ, ಎದೆಯಲ್ಲಿ ಕಫ ಹೆಚ್ಚಿಸುವುದೂ ಉಂಟು. ಮನೆಗೆ ಬರುತ್ತಿದ್ದ ದಾದಿ ಇದನ್ನೆಲ್ಲ ಅಮ್ಮನಿಗೆ ತಾಳ್ಮೆಯಿಂದ ಹೇಳಿದರು. ಹೇಳಿ ಸುಮ್ಮನಾಗದೆ, ಕೈಗೊಂದು ಕೆಲಸವನ್ನೂ ಕೊಟ್ಟರು: ಒದ್ದೆ ಹತ್ತಿಯಲ್ಲಿ ಬಾಯಿ ಒರೆಸುವುದು, ತುಟಿಗೆ ತುಪ್ಪ ಸವರುವುದು, ಕೇಳಿದರೆ ಮಾತ್ರ ಚಮಚದಲ್ಲಿ ರಾಗಿ ಅಂಬಲಿ. ಉಣಿಸುವ ಕೈಗೆ ಸುಮ್ಮನಿರು ಎಂದರೆ ಆಗುವುದಿಲ್ಲ, ಬೇರೆ ಕೆಲಸ ಕೊಡಬೇಕು. ಇಂಗ್ಲೆಂಡಿನ ಯಾವ ಫಾರಂನಲ್ಲೂ ಈ ಜಾಣತನ ನನಗೆ ಸಿಕ್ಕಿಲ್ಲ.

ನಾನು ಹೋದದ್ದು ಅಪ್ಪ ಇನ್ನೂ ಪತ್ರಿಕೆ ಓದುತ್ತಿದ್ದಾಗ. ರಜೆ ಒಂದೇ ಸಲ ಸಿಗುತ್ತದೆ ಎಂದಾದರೆ ಅದನ್ನು ತಿಥಿಗೆ ಉಳಿಸಿಕೊಳ್ಳಬೇಡಿ, ಮಾತು ಇರುವಾಗ ಹೋಗಿ. ತಿಥಿಗೆ ಬರಲಿಲ್ಲವೆಂದು ಬಳಗ ಆಡಿಕೊಂಡಿತು. ಆಡಿಕೊಳ್ಳಲಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವಾಗ ನಾನಿರಲಿಲ್ಲ, ಹಜಾರದಲ್ಲಿ ಅಪ್ಪ ಕಾಗುಣಿತ ತಿದ್ದುವಾಗ ಇದ್ದೆ.

ದೂರದಿಂದ ಮಾಡಬಹುದಾದದ್ದು ದುಡ್ಡಿನ ಕೆಲಸ, ಕಾಗದದ ಕೆಲಸ. ರಾತ್ರಿ ಪಾಳಿಗೆ ಒಬ್ಬ ಸಹಾಯಕರನ್ನು ಇಡಿಸಿದರೆ ಅಕ್ಕನಿಗೆ ನಿದ್ದೆ ಸಿಗುತ್ತದೆ. ಮಂಡಳಿ, ಮಾರ್ಫಿನ್ ಎಲ್ಲಕ್ಕಿಂತ ದೊಡ್ಡ ಉಪಕಾರ ಅದು. ಬೆನ್ನು ಹುಣ್ಣಾಗದಂತೆ ಗಾಳಿ ತುಂಬಿದ ಹಾಸಿಗೆ ಕೊಡಿಸಿ. ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಮೊದಲೇ ಜಂಟಿ ಮಾಡಿಸಿ. ನಮ್ಮ ದೇಶದ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದೊಡನೆ ಬಿದ್ದುಹೋಗುತ್ತದೆ. ಇಂಗ್ಲೆಂಡಿನಲ್ಲಿ ಹಾಗೆ ಬೀಳದಂಥದ್ದೂ ಇದೆ, ಆ ಗುಂಗಿನಲ್ಲಿ ಇರಬೇಡಿ. ಮನೆಯಲ್ಲೇ ಸಾವಾದರೆ, ನೋಡಿಕೊಳ್ಳುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆಯಬೇಕು. ಅದು ನಮೂನೆ 4ಎ. ಆ ವೈದ್ಯರು ಯಾರು, ಅಪರಾತ್ರಿಯಲ್ಲಿ ಬರುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. 21 ದಿನಗಳ ಒಳಗೆ ನೋಂದಣಿ ಆಗಬೇಕು.

ಈಗ ಅಮ್ಮ ತಮ್ಮ ಕಾಗದ ಬರೆಸಲು ಕುಳಿತಿದ್ದಾರೆ. ವೆಂಟಿಲೇಟರ್ ಬೇಡ, ನಳಿಕೆ ಬೇಡ ಎಂಬಲ್ಲಿಗೆ ಯಾವ ತಕರಾರೂ ಇಲ್ಲ. ಆದರೆ ಮಂಡಿಚಿಪ್ಪಿನ ಆಪರೇಷನ್ ಮಾತ್ರ ಬೇಕೇ ಬೇಕು, ಅದನ್ನೂ ಸೇರಿಸಿ ‘ಯಾವ ಚಿಕಿತ್ಸೆಯೂ ಬೇಡ’ ಎಂದು ಬರೆದುಬಿಟ್ಟೀರಿ ಎಂದು ಅಕ್ಕನನ್ನು ದಿನಕ್ಕೊಮ್ಮೆ ಎಚ್ಚರಿಸುತ್ತಿದ್ದಾರಂತೆ.