ಮೈಲುತುತ್ತದ ಮೂಟೆ ಮತ್ತು ಒಂದು ಪದ್ಮಿನಿ

ತೀರ್ಥಹಳ್ಳಿ ಕಡೆಯ ಗೌಡರೊಬ್ಬರ ಕಾರು ನೋಡೋಕೆ ಶಿವಮೊಗ್ಗದಿಂದ ಹೊರಟಾಗ ನಾನು ತಗೊಂಡು ಹೋಗಿದ್ದು ಇಷ್ಟೇ. ಒಂದು ಟಾರ್ಚು, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಮತ್ತೆ ನಮ್ಮ ಮೆಕ್ಯಾನಿಕ್ ಭಾಯ್. ಮೊದಲ ಎರಡನ್ನು ಮನೆಯಲ್ಲೇ ಬಿಟ್ಟಿದ್ದರೂ ನಡೀತಿತ್ತು.

ಕಾರು ಪ್ರೀಮಿಯರ್ ಪದ್ಮಿನಿ, 1984ರದ್ದು. ಗೌಡರ ಮಗ ಬೆಂಗಳೂರಿನಿಂದ ಫೋಟೋ ಕಳಿಸಿದ್ದ. ಕೊಟ್ಟಿಗೆ ಪಕ್ಕದ ಶೆಡ್ಡು, ಒಳಗೆ ಸೋಗೆಯ ಹೊರೆ, ಹೊರೆಯ ಹಿಂದೆ ಎರಡು ದುಂಡನೆ ದೀಪ. ಅಷ್ಟು ನೋಡಿಯೇ ನಾನು ಅರ್ಧ ಬಿದ್ದುಹೋಗಿದ್ದೆ.

ಬೀಳೋಕೆ ಕಾರಣ ಇದೆ. ನನ್ನ ಸೋದರಮಾವನ ಹತ್ತಿರ ಇಂಥದ್ದೇ ಕಾರಿತ್ತು. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರೋದರಿಂದ ಮುಂದಿನ ಉದ್ದ ಸೀಟಲ್ಲಿ ಮೂರು ಜನ ಆರಾಮಾಗಿ ಕೂರಬಹುದು. ಹಿಂದೆ ಮಕ್ಕಳು ಎಷ್ಟಿದ್ದೆವು ಅಂತ ಯಾರೂ ಎಣಿಸುತ್ತಿರಲಿಲ್ಲ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ನಮಗೆಲ್ಲ ಒಂದೊಂದು ನಿಂಬೆಹಣ್ಣು ಕೊಡುತ್ತಿದ್ದರು, ಮೂಸೋಕೆ. ಈಗಲೂ ಪೆಟ್ರೋಲಿನ ವಾಸನೆ ಬಂದರೆ ನನಗೆ ನಿಂಬೆಹಣ್ಣು ನೆನಪಾಗುತ್ತೆ.

ಮಂಡಗದ್ದೆ ಹತ್ತಿರ ಟೀಗೆ ನಿಲ್ಲಿಸಿದಾಗ ಇದನ್ನೆಲ್ಲ ಭಾಯ್‌ಗೆ ಹೇಳಿದೆ. ಅವರು ಗ್ಲಾಸ್ ಕೆಳಗಿಟ್ಟು, "ಸಾರ್, ನಿಮಗೆ ಕಾರು ಬೇಕಾ, ಮಾವನ ಕಾರು ಬೇಕಾ?" ಅಂತ ಕೇಳಿದರು. ಉತ್ತರ ಕೊಡದೆ ನಾನು ಟೀ ದುಡ್ಡು ಕೊಟ್ಟೆ.

ಮೇ ತಿಂಗಳ ಕೊನೆ ಅದು. ಎರಡು ಮಳೆ ಆಗಲೇ ಬಿದ್ದು, ಶೆಡ್ಡಿನ ನೆಲ ತಣ್ಣಗಿತ್ತು. ಗೌಡರು ಪಂಚೆ ಎತ್ತಿ ಕಟ್ಟಿ, ಆಳಿನ ಜೊತೆ ತಾವೂ ಸೋಗೆ ಸರಿಸಿದರು. "ನನ್ನ ಅಣ್ಣನ ಗಾಡಿ ಮಾರಾಯ್ರೆ. ಅವನು ಹೋದ ಮೇಲೆ ಯಾರೂ ಮುಟ್ಲಿಲ್ಲ," ಅಂದರು. ಬಿಳಿ ಬಣ್ಣ ಹಾಲು ಒಡೆದ ಹಾಗೆ ಆಗಿತ್ತು. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಬಾನೆಟ್ ಒಳಗೆ ಇಲಿ ಸಂಸಾರ ಮಾಡಿ ಖಾಲಿ ಮಾಡಿಕೊಂಡು ಹೋಗಿತ್ತು. ಆದರೂ ಬಾಗಿಲು ಹಾಕಿದಾಗ ಟಪ್ ಅನ್ನೋ ಆ ಹಳೇ ಸದ್ದು ಬಂತು. ನಾನು ಮೂರು ಸಲ ಹಾಕಿ ತೆಗೆದೆ.

ಭಾಯ್ ಮೊದಲು ಇಂಜಿನ್ ನೋಡಿದರು. 1089 ಸಿಸಿಯ ಪುಟ್ಟ ಇಂಜಿನ್, ಪೂರ್ತಿ ಜಾಮ್. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಸ್ವಲ್ಪ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹುಯ್ದು, "ಇರಲಿ, ನೆನೀಲಿ" ಅಂದರು. ಅಷ್ಟರಲ್ಲಿ ಒಳಗಿಂದ ಗೌಡರ ಮನೆಯ ಅಮ್ಮ ಕಡುಬು ತಿನ್ನೋಕೆ ಕರೆದರು. ಮಲೆನಾಡಿನ ಮನೆಗೆ ವ್ಯಾಪಾರಕ್ಕೆ ಹೋಗೋದರಲ್ಲಿ ಇದೇ ಕಷ್ಟ. ಕಡುಬು ತಿಂದು ಬಂದ ಮೇಲೆ ಚೌಕಾಸಿ ಮಾಡೋಕೆ ಬಾಯಿ ಬರಲ್ಲ.

ವಾಪಸ್ ಬಂದು ಭಾಯ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಮೆಲ್ಲಗೆ ತೂಗಿದರು. ಮೊದಲು ಏನೂ ಇಲ್ಲ. ಆಮೇಲೆ ಒಂದು ಬೆರಳಿನಷ್ಟು ತಿರುಗಿತು. ನಾನು ಕುಣಿಯೋದೊಂದು ಬಾಕಿ. ಭಾಯ್ ಮುಖ ಮಾತ್ರ ಹಾಗೇ ಇತ್ತು. "ಇಂಜಿನ್ ಬಿಡಿ ಸಾರ್. ಮುಂಬೈಲಿ 2023ರ ತನಕ ಇದೇ ಟ್ಯಾಕ್ಸಿ ಓಡಿದೆ. ಬೆಂಗಳೂರು ಜೆ.ಸಿ. ರಸ್ತೆಲಿ ಹುಡುಕಿದರೆ ಇಂಜಿನ್ ಸಾಮಾನು ಸಿಗುತ್ತೆ. ತಗಡು ನೋಡೋಣ."

ತಗಡು ನೋಡೋದು ಅಂದರೆ ಏನಂತ ನನಗೆ ಗೊತ್ತಾಗಿದ್ದು ಆಗಲೇ. ಜೀಪಿಗಾದರೆ ಕೆಳಗೆ ಚಾಸಿ ಬೇರೆ, ಮೇಲೆ ಬಾಡಿ ಬೇರೆ. ತಗಡು ಹೋದರೆ ಬೇರೆ ತಗಡು ಕೂರಿಸಿ ಓಡಿಸಬಹುದು. ಪದ್ಮಿನಿಗೆ ಆ ಭಾಗ್ಯ ಇಲ್ಲ. ಬಾಡಿಯೇ ಚಾಸಿ. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚು, ಇವೆಲ್ಲ ಸೇರಿಯೇ ಕಾರನ್ನು ಹಿಡಿದು ನಿಲ್ಲಿಸೋದು. ಮೇಲೆ ಕಾಣೋ ಬಾಗಿಲು, ಮಡ್‌ಗಾರ್ಡು ತುಕ್ಕು ಹಿಡಿದರೆ ಅದು ಚರ್ಮದ ಕಾಯಿಲೆ. ಅಂಚು ಹಿಡಿದರೆ ಮೂಳೆಯದ್ದು.

ಅಯಸ್ಕಾಂತ ಎಡಗಡೆ ಅಂಚಿಗೆ ಅಂಟಿಕೊಂಡಿತು. ಬಲಗಡೆ ಎರಡು ಕಡೆ ಜಾರಿ ಬಿತ್ತು. ಬಣ್ಣದ ಕೆಳಗೆ ಬರೀ ಪುಟ್ಟಿ. ಭಾಯ್ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟುತ್ತಾ ಹೋದರು. ಟಣ್, ಟಣ್, ಟಣ್, ಆಮೇಲೆ ಪೊದ್. ಮೊನೆ ಒತ್ತಿದರೆ ಹಪ್ಪಳದ ಹಾಗೆ ಮುರಿದು ಕೆಳಗಿನ ಮಣ್ಣಿಗೆ ತಾಗಿತು.

"ಇದನ್ನ ಹೊಸ ತಗಡು ಹಾಕಿ ವೆಲ್ಡ್ ಮಾಡಬಹುದು," ಅಂದರು. ನನಗೆ ಇನ್ನೂ ಆಸೆ ಇತ್ತು. ಡಿಕ್ಕಿ ತೆಗೀರಿ ಅಂದರು.

ಡಿಕ್ಕಿ ತುಂಬ ಮೈಲುತುತ್ತ, ಅದೇ ಕಾಪರ್ ಸಲ್ಫೇಟಿನ ನೀಲಿ ಹರಳು. ಜೂನಿಗೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯೋಕೆ ತಂದಿಟ್ಟ ಹೊಸ ಮೂಟೆಗಳು. "ಇಲ್ಲಿ ಇಟ್ರೆ ಮಕ್ಕಳ ಕೈಗೆ ಸಿಗಲ್ಲ ನೋಡಿ. ವರ್ಷವೂ ಇಲ್ಲೇ ಇಡೋದು," ಅಂದರು ಗೌಡರು ಹೆಮ್ಮೆಯಿಂದ.

ಮೂಟೆ ಇಳಿಸಿದೆವು. ಕೆಳಗೆ ತಗಡೇ ಇರಲಿಲ್ಲ ಅನ್ನಬಹುದು. ಅಂಚಲ್ಲಿ ಉಳಿದಿದ್ದು ಜರಡಿ. ಅಲ್ಲಲ್ಲಿ ನೀಲಿ ಕಲೆ, ಅದರ ಪಕ್ಕ ತಾಮ್ರದ ಹಾಗೆ ಕೆಂಪು. ಮಲೆನಾಡಿನ ಮಳೆಗಾಲದ ಥಂಡಿಗೆ ಮೂಟೆ ನೀರು ಕುಡಿದಿದೆ, ಕರಗಿ ಸೋರಿದೆ, ಕಬ್ಬಿಣ ತಿಂದಿದೆ. ಕಾರಿನ ಹಿಂಭಾಗದ ಭಾರ ಹೊರೋ ಕಮಾನ್ ಪ್ಲೇಟ್ ಕಚ್ಚಿಕೊಳ್ಳೋ ಜಾಗವೂ ಅದೇ ಕಡೆ. ಭಾಯ್ ಟಾರ್ಚ್ ಹಿಡಿದು ಕೆಳಗೆ ನುಗ್ಗಿದರು, ಹೊರಗೆ ಬಂದು ಕೈ ಒರೆಸಿಕೊಂಡರು. ಏನೂ ಹೇಳಲಿಲ್ಲ.

ಗೌಡರಿಗೆ ಹೇಗೆ ಹೇಳೋದು ಅಂತ ನಾನು ಒದ್ದಾಡುತ್ತಿದ್ದೆ. ಅವರೇ ಕೂತು ಆ ಕೆಂಪು ಕಲೆಯನ್ನು ಉಗುರಿಂದ ಕೆರೆದರು. ಕೊಳೆ ಔಷಧಿ ಅಂದರೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ್ದು. ಸುಣ್ಣ ಸಾಕಾಯ್ತಾ ಅಂತ ನೋಡೋಕೆ ತೋಟದವರು ಹೊಳಪಿನ ಚಾಕು ಅದ್ದುತ್ತಾರೆ. ತುತ್ತದ ತಾಮ್ರ ಕಬ್ಬಿಣಕ್ಕೆ ಅಂಟಿ ಚಾಕು ಕೆಂಪಾದರೆ ಸುಣ್ಣ ಇನ್ನೂ ಬೇಕು ಅಂತ ಅರ್ಥ. "ಐವತ್ತು ವರ್ಷದಿಂದ ಚಾಕು ಅದ್ದುತಾ ಇದೀನಿ," ಅಂದರು ಗೌಡರು ಮೆಲ್ಲಗೆ. "ಕಾರೂ ಕಬ್ಬಿಣವೇ ಅಂತ ಹೊಳೀಲೇ ಇಲ್ಲ ನೋಡಿ."

ಕಾಗದ ಪತ್ರ ನೋಡಿದ್ದು ಸುಮ್ನೆ ಮರ್ಯಾದೆಗೆ. ಆರ್‌ಸಿ ತೀರಿಕೊಂಡ ಅಣ್ಣನ ಹೆಸರಲ್ಲೇ ಇತ್ತು. ಮೊದಲು ಫಾರಂ 31ರಲ್ಲಿ ಗೌಡರ ಹೆಸರಿಗೆ ಬರಬೇಕು, ಆಮೇಲೆ ನನ್ನ ಹೆಸರಿಗೆ. ನೋಂದಣಿ 2009ಕ್ಕೇ ಮುಗಿದಿತ್ತು. ನವೀಕರಣದ ಶುಲ್ಕ 2022ರಲ್ಲಿ 600ರಿಂದ 5,000ಕ್ಕೆ ಹಾರಿದೆ, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಗಿದೆ. ತಡವಾದ ತಿಂಗಳಿಗೆ 500ರ ದಂಡ ಬೇರೆ. ಮಗ ಫೋನಲ್ಲಿ "ವಿಂಟೇಜ್ ಸಾರ್" ಅಂದಿದ್ದ. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್ ಆಗೋಕೆ 50 ವರ್ಷ ದಾಟಬೇಕು. ಅಂದರೆ 2034. ಅಷ್ಟರೊಳಗೆ ಮೈಲುತುತ್ತ ಬಾನೆಟ್ ತನಕ ಬಂದಿರುತ್ತೆ.

ಕೇಳಿದ್ದು ನಲವತ್ತು ಸಾವಿರ. ಬೇಡ ಅಂತ ಹೇಳಿದೆ, ಕಡುಬು ಇನ್ನೂ ಹೊಟ್ಟೆಯಲ್ಲೇ ಇತ್ತು. ವಾಪಸ್ ಬರುವಾಗ ಭಾಯ್, "ಮಾಡಿ ಕೊಡ್ತಿದ್ದೆ ಸಾರ್, ದುಡ್ಡು ಬರ್ತಿತ್ತು ನನಗೆ," ಅಂದರು. "ಆದ್ರೆ ಘಾಟಿ ಇಳಿಸೋಕೆ ನಿಮ್ಮನ್ನ ಕಳಿಸ್ತಿರಲಿಲ್ಲ."

ಹದಿನೈದು ದಿನ ಆದ ಮೇಲೆ ಗೌಡರ ಫೋನು. ಹೊರಗೆ ಜೋರು ಮಳೆ, ಅರ್ಧ ಮಾತು ಕೇಳಲಿಲ್ಲ. "ಮೂಟೆ ಎಲ್ಲ ತೆಗೆಸಿ ಅಟ್ಟಕ್ಕೆ ಹಾಕ್ಸಿದೀನಿ ಮಾರಾಯ್ರೆ. ಡಿಕ್ಕಿ ತೊಳೆಸಿದೀನಿ. ಈಗೊಂದ್ಸಲ ಬಂದು ನೋಡ್ತೀರಾ?"

ಇಲ್ಲ ಅನ್ನಬೇಕಿತ್ತು. "ಮಳೆ ಬಿಡಲಿ ಗೌಡ್ರೇ," ಅಂದುಬಿಟ್ಟೆ. ಭಾಯ್‌ಗೆ ಇನ್ನೂ ಹೇಳಿಲ್ಲ.