ತೆರ್ಮೀನೊ ಅಲ್ಲ, ತೆರ್ಮಿನೋ

ಮೆಕ್ಸಿಕೋದ ಗ್ವಾದಲಹಾರಕ್ಕೆ ಬಂದು ಮೂರನೇ ತಿಂಗಳು. ತಾರಸಿಯ ಮೇಲಿರುವ ವಾಷಿಂಗ್ ಮಷೀನು ನನಗೂ ಮನೆ ಓನರ್ ಅಮ್ಮನಿಗೂ ಸೇರಿ ಒಂದೇ. ಅವತ್ತು ಅವರು ಕೆಳಗಿನಿಂದ ಸ್ಪ್ಯಾನಿಷ್‌ನಲ್ಲಿ "ಯಾ ತೆರ್ಮಿನೋ?" ಎಂದು ಕೂಗಿದರು, ಮಷೀನಿನದು ಮುಗಿಯಿತಾ ಅಂತ. ಮುಗಿದಿತ್ತು. "ಸೀ, ಯಾ ತೆರ್ಮೀನೊ" ಎಂದು ಹೇಳಿ ಬಟ್ಟೆ ಒಣಹಾಕುತ್ತ ನಿಂತೆ. ಅರ್ಧ ಗಂಟೆ ಬಿಟ್ಟು ಇಳಿದರೆ, ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಇನ್ನೂ ಕೂತಿದ್ದಾರೆ. ನಾನು ಹೇಳಿದ್ದು "ಇನ್ನೇನು ಮುಗಿಸ್ತೀನಿ" ಅಂತ ಆಗಿತ್ತು.

ಎಪ್ಪತ್ತು ದಾಟಿದ ಜೀವ. ನನಗೆ ತುಂಬ ಸಂಕಟವಾಯಿತು. ಅವರು ಸಿಟ್ಟು ಮಾಡಿಕೊಳ್ಳದೆ ಮೆಟ್ಟಿಲ ಕಂಬಿಯ ಮೇಲೆ ಬೆರಳಿಂದ ತಟ್ಟುತ್ತ "ತೆರ್, ಮಿ, ನೋ" ಎಂದರು. ಕೊನೆಯದಕ್ಕೆ ಮಾತ್ರ ಜೋರಾಗಿ ಬಡಿದರು.

ರಾತ್ರಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ತೇರ್ಮಿನೊ ಅಂದರೆ ಕೊನೆ, ತೆರ್ಮೀನೊ ಅಂದರೆ ಮುಗಿಸುತ್ತೇನೆ, ತೆರ್ಮಿನೋ ಅಂದರೆ ಮುಗಿಯಿತು. ಬಳೆ–ಬಾಳೆ ಕೇಳಿ ಬೆಳೆದ ಕಿವಿ ದೀರ್ಘ ಹುಡುಕುತ್ತದೆ, ಒತ್ತನ್ನು, ಅಂದರೆ ಪದದ ಯಾವ ತುಂಡು ಜೋರಾಗಿ ಬರುತ್ತದೆ ಎಂಬುದನ್ನು, ಹುಡುಕುವುದಿಲ್ಲ. ಅದಕ್ಕೇ ಒತ್ತು ಬಿದ್ದಲ್ಲೆಲ್ಲ ದೀರ್ಘ ಹಾಕಿಕೊಂಡೆ. ಹೇಳುವಾಗ ಮಾತ್ರ ಅಷ್ಟು ಎಳೆಯಬಾರದು.

ನಿಯಮ ಸುಲಭ. ಪದ ಸ್ವರದಲ್ಲೋ, ಎನ್–ಎಸ್‌ಗಳಲ್ಲೋ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ತುಂಡಿಗೆ. ಬೇರೆ ವ್ಯಂಜನವಾದರೆ ಕೊನೆಯದಕ್ಕೆ. ಇದು ತಪ್ಪಿದ ಕಡೆ ಸ್ವರದ ಮೇಲೊಂದು ಓರೆ ಗೀಟು.

ಆದರೆ ಪದ ಒಡೆಯಲು ಬಾರದೆ ಎರಡನೆಯದು ಯಾವುದೆಂದು ಗೊತ್ತಾಗುವುದಾದರೂ ಹೇಗೆ? ಎಸ್ಪೇರೊ, ಕಾಯುತ್ತೇನೆ, ಎಸ್–ಪೇ–ರೊ ಎಂದು ಒಡೆಯುತ್ತದೆ. ಮಾತಾಡುತ್ತೇನೆ ಎನ್ನುವ ಆಬ್ಲೊ ಮಾತ್ರ ಆ–ಬ್ಲೊ. ಬ, ಲ ಒಂದನ್ನೊಂದು ಬಿಡುವುದಿಲ್ಲ. ಒತ್ತಕ್ಷರದ ಹಿಂದಿನದು ಗುರು ಎಂದು ಕಲಿತ ನನಗೆ ಹಳಗನ್ನಡದ ಶಿಥಿಲದ್ವಿತ್ವ, ಹಿಂದಿನದನ್ನು ಗುರು ಮಾಡದ ಸಡಿಲ ಒತ್ತಕ್ಷರ, ನೆನಪಾಯಿತು. ಇನ್ನು 'ಮುಂದುವರಿಸು' ಕ್ರಿಯಾಪದ ನೋಡಿ. ಕೊನ್–ತಿ–ನೂ–ಒ, ಮುಂದುವರಿಸುತ್ತೇನೆ: ನಾಲ್ಕು ತುಂಡು. ಕೊನ್–ತಿ–ನ್ವೋ, ಮುಂದುವರಿಸಿದ: ಮೂರೇ. ಮೊದಲನೆಯದರಲ್ಲಿ ಗೀಟು 'ಉ' ಮೇಲೆ ಕೂತು ಎರಡು ಸ್ವರಗಳನ್ನು ಬೇರ್ಪಡಿಸುತ್ತದೆ. ಈ ಗೀಟನ್ನು ಅಲಂಕಾರ ಎಂದುಕೊಂಡು ಮೊಬೈಲಿನಲ್ಲಿ ಬಿಟ್ಟುಬಿಡುತ್ತಿದ್ದೆ. ಈಗ ಒಂದನ್ನೂ ಬಿಡುವುದಿಲ್ಲ.

ಹೋದ ಶನಿವಾರ ಅವರು ತುಂಬಿದ ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. 'ಕೊಡಿ' ಎನ್ನಲು ದೇಮೆ. 'ಅದನ್ನು' ಸೇರಿಸಿದರೆ ಬಾಲ ಬೆಳೆಯುತ್ತದೆ, ಒತ್ತು ಮಾತ್ರ ದೇ ಬಿಟ್ಟು ಕದಲುವುದಿಲ್ಲ. "ದೇಮೆಲ" ಎಂದೆ. ಒಂದೇ ಸಲಕ್ಕೆ ಬಕೆಟ್ ಕೈಗೆ ಕೊಟ್ಟರು.